ಸುಲಭದ ಗಿಡ ಸೊರಗಿದರೆ ಮೊದಲು ಬುಡ ನೋಡಿ

"ಇದಕ್ಕೆ ಏನೂ ಮಾಡ್ಬೇಕಾಗಿಲ್ಲ ಸಾರ್, ನೆಟ್ಟು ಮರೆತುಬಿಡಿ." ನರ್ಸರಿಗೆ ಹೋದವರೆಲ್ಲ ಕೇಳಿರುವ ಮಾತು ಇದು. ದಾಸವಾಳ, ಬೋಗನ್‌ವಿಲ್ಲಾ, ಇಕ್ಸೋರಾ, ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆ, ನಿತ್ಯಪುಷ್ಪ, ಸ್ನೇಕ್ ಪ್ಲಾಂಟ್, ಎಲ್ಲಕ್ಕೂ ಇದನ್ನೇ ಹೇಳುತ್ತಾರೆ. ಸುಳ್ಳೇನಲ್ಲ. ಇವೆಲ್ಲ ವರ್ಷಗಟ್ಟಲೆ ಬಾಳುವ ಗಟ್ಟಿ ಗಿಡಗಳೇ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಹೊಗೆ, ದೂಳು, ಬಿಸಿಲು ಎಲ್ಲ ತಡೆದುಕೊಂಡು ಹೂ ಬಿಡುವ ಕಣಗಿಲೆಯನ್ನು ನೋಡಿದ್ದೀರಲ್ವಾ? ಆದರೂ ಅಂಥದೇ ಗಿಡ ಮನೆಯಂಗಳಕ್ಕೆ ಬಂದು ಸೊರಗುತ್ತದೆ.

ಸೊರಗಿದ ತಕ್ಷಣ ಎಲೆಯ ಫೋಟೋ ತೆಗೆದುಕೊಂಡು ಔಷಧಿ ಅಂಗಡಿಗೆ ಓಡುವವರೇ ಜಾಸ್ತಿ. ಬುಡ ಕೆದಕಿ ನೋಡುವವರು ಕಡಿಮೆ. ಈ ಗಟ್ಟಿ ಗಿಡಗಳ ತೊಂದರೆ ಬಹುಪಾಲು ಮಣ್ಣಿನೊಳಗೇ ಇರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ಈ ಕೈಪಿಡಿಯಲ್ಲಿ ಪರೀಕ್ಷೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹೆಚ್ಚಿನ ಮಾತು ಬೆಂಗಳೂರು, ಮೈಸೂರು ಕಡೆಯ ಕೆಂಪು ಮಣ್ಣಿಗೆ ಸೇರಿದ್ದು. ಕರಾವಳಿಗೂ ಎರೆಭೂಮಿಗೂ ಲೆಕ್ಕ ಬದಲಾಗುವ ಕಡೆ ಬೇರೆಯಾಗಿ ಹೇಳಿದ್ದೇನೆ.

ಕೈ ಹಾಕುವ ಮೊದಲು

ಕಾರಣ ಗೊತ್ತಾಗುವ ತನಕ ಗೊಬ್ಬರ ಹಾಕಬೇಡಿ. ಔಷಧಿ ಹೊಡೆಯಬೇಡಿ. ನೀರು ಜಾಸ್ತಿ ಮಾಡುವುದೂ ಬೇಡ. ಬೇರು ಕೆಟ್ಟ ಗಿಡಕ್ಕೆ ಗೊಬ್ಬರ ಬಿದ್ದರೆ ಅದು ಇನ್ನೂ ಬೇಗ ಹೋಗುತ್ತದೆ.

ತೋರುಬೆರಳನ್ನು ಬುಡದ ಪಕ್ಕ ಎರಡು ಇಂಚು ಒಳಗೆ ಇಳಿಸಿ. ಮೇಲ್ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರಾಗಿರಬಹುದು. ಮೇಲೆ ತೇವ ಕಂಡರೂ ಒಳಗೆ ಬೂದಿಯಂತೆ ಒಣಗಿರಬಹುದು. ದಿನಾ ಸಂಜೆ ಪೈಪ್ ಹಿಡಿದು ಸುಮ್ನೆ ಚಿಮುಕಿಸುವ ಮನೆಗಳಲ್ಲಿ ಈ ಎರಡನೆಯದು ಸಾಮಾನ್ಯ.

ಆಮೇಲೆ ನೆನಪು ಮಾಡಿಕೊಳ್ಳಿ, ಇತ್ತೀಚೆಗೆ ಏನು ಬದಲಾಯಿತು? ಪಕ್ಕದ ಸೈಟಿನಲ್ಲಿ ಮನೆ ಎದ್ದು ನೆರಳು ಬಂತೇ, ಗೋಡೆಗೆ ಗಾರೆ ಕೆಲಸ ನಡೆಯಿತೇ, ಕಾವೇರಿ ನೀರು ಹೋಗಿ ಬೋರ್‌ವೆಲ್ ನೀರು ಶುರುವಾಯಿತೇ? ಹೀಗೆ ಕೇಳಿಕೊಂಡರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಗಿಡ ಬಾಡಿದೆ

ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಬಾಡು. ಬಿಟ್ಟುಬಿಡಿ. ಬೆಳಿಗ್ಗೆಯೂ ಬಾಡಿದ್ದು, ಬೆರಳಿಗೆ ಒಣಮಣ್ಣು ಸಿಕ್ಕರೆ ನೀರಿನ ಕೊರತೆ. ಪಾತಿ ಮಾಡಿ ನಿಧಾನವಾಗಿ ತುಂಬಾ ನೀರು ಕೊಡಿ, ಎರಡನೇ ದಿನಕ್ಕೆ ಸರಿಹೋಗುತ್ತದೆ.

ಬಾಡಿದೆ, ಆದರೆ ಮಣ್ಣು ಒದ್ದೆ. ಎಚ್ಚರ ಬೇಕಾದದ್ದು ಇಲ್ಲಿ. ಬೇರು ಕೊಳೆತಿದೆ, ಇರುವ ನೀರನ್ನೇ ಗಿಡ ಎಳೆದುಕೊಳ್ಳಲಾರದು. ಇದನ್ನೇ ಬಾಯಾರಿಕೆ ಅಂದುಕೊಂಡು ಇನ್ನೊಂದು ಬಕೆಟ್ ಸುರಿದರೆ ಮುಗಿಯಿತು. ಕುಂಡದ ಗಿಡವಾದರೆ ಮಣ್ಣಿನ ಮುದ್ದೆ ಸಮೇತ ಹೊರಗೆ ತೆಗೆದು ನೋಡಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿಗಂದು ಬಣ್ಣವಿದ್ದು ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ನಡುವಿನ ದಾರ ಮಾತ್ರ ಉಳಿಯುತ್ತದೆ. ವಾಸನೆಯೂ ಚರಂಡಿಯದೇ.

ಕೊಳೆತದ್ದನ್ನೆಲ್ಲ ಕತ್ತರಿಸಿ ಹಾಕಿ. ಮೇಲಿನ ಕೊಂಬೆಗಳನ್ನೂ ಅದೇ ಪ್ರಮಾಣದಲ್ಲಿ ಸವರಿ. ಉಳಿದ ಬೇರಿಗೆ ಸರಿಹೊಂದುವ ಚಿಕ್ಕ ಕುಂಡಕ್ಕೆ, ಕೆಂಪು ಮಣ್ಣು, ಮರಳು, ಕಳಿತ ಗೊಬ್ಬರ ಸಮಪಾಲು ಬೆರೆಸಿ ನೆಡಿ. ದೊಡ್ಡ ಕುಂಡ ಕೊಟ್ಟರೆ ಒಳ್ಳೆಯದು ಅನ್ನಿಸುತ್ತದೆ, ಆದರೆ ಬೇರಿಲ್ಲದ ಕಡೆಯ ಮಣ್ಣು ವಾರಗಟ್ಟಲೆ ಒಣಗದೆ ಮತ್ತೆ ಕೊಳೆಸುತ್ತದೆ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬಳಸುವವರು ಮೊದಲು ತೊಳೆದು ಅದರ ನುಣ್ಣನೆ ಪುಡಿ ತೆಗೆಯಿರಿ, ಅದು ಸಿಮೆಂಟಿನ ಹಾಗೆ ಗಟ್ಟಿ ಕಟ್ಟಿಕೊಳ್ಳುತ್ತದೆ. ಕುಂಡದ ಕೆಳಗಿನ ತಟ್ಟೆಯನ್ನು ಮಳೆಗಾಲದಲ್ಲಿ ತೆಗೆದೇ ಇಡಿ.

ನೆಲದಲ್ಲಿರುವ ಗಿಡವಾದರೆ ಪಕ್ಕದಲ್ಲಿ ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೆಗೆಯಿರಿ. ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ. ಎರಡನೇ ಸಲ ಗಂಟೆಗೆ ಒಂದು ಇಂಚಿನಷ್ಟಾದರೂ ಇಳಿದರೆ ನೆಲ ಸರಿ ಇದೆ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ಕಣಗಿಲೆ, ದೇವಕಣಗಿಲೆ, ಬೋಗನ್‌ವಿಲ್ಲಾ ಯಾವುದೂ ಬಾಳುವುದಿಲ್ಲ. ಊರಿನ ಮನೆಗಳಲ್ಲಿ ಕಾಂಪೌಂಡಿಗೂ ಗೋಡೆಗೂ ನಡುವಿನ ಎರಡಡಿ ಪಟ್ಟಿಯ ಹಣೆಬರಹವೇ ಇದು. ಮೇಲೆ ನಾಲ್ಕು ಇಂಚು ಕೆಂಪು ಮಣ್ಣು, ಕೆಳಗೆ ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು. ಅದರ ಮೇಲೆ ಮೇಸ್ತ್ರಿಗಳು ಓಡಾಡಿ ನೆಲ ಕಲ್ಲಾಗಿರುತ್ತದೆ. ಹಾರೆ ಹಾಕಿ ಒಂದೂವರೆ ಅಡಿ ಸಡಿಲ ಮಾಡಿ ಕಸ ಆಯ್ದು ಹಾಕುವುದೇ ದಾರಿ. ಅದಾಗದಿದ್ದರೆ ಮುಕ್ಕಾಲು ಅಡಿ ಎತ್ತರ ಏರು ಮಾಡಿ ಅದರ ಮೇಲೆ ನೆಡಿ. ಎರೆಭೂಮಿಯವರು ಈ ಏರುಮಡಿಯನ್ನು ಕಣ್ಣು ಮುಚ್ಚಿಕೊಂಡು ಮಾಡಬಹುದು. ಅಲ್ಲಿ ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ, ಮಳೆಯಲ್ಲಿ ಅದೇ ನೆಲ ನೀರು ಬಿಡದೆ ಹಿಡಿದುಕೊಳ್ಳುತ್ತದೆ.

ಇನ್ನೊಂದು ಸಾಧ್ಯತೆ ಇದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಗಿಡ ತಟ್ಟನೆ ಬಾಡಿ, ಎಳೆದರೆ ಸಲೀಸಾಗಿ ಕಿತ್ತು ಬಂತೇ? ಬೇರೇ ಇಲ್ಲವೇ? ಮಣ್ಣಲ್ಲಿ ಬೆಳ್ಳಗೆ ದಪ್ಪಗೆ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುರಿದ ಗೊಣ್ಣೆಹುಳು ಹುಡುಕಿ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆ ಇವು ಮನೆಗೆ ಬರುತ್ತವೆ. ಕೈಯಿಂದ ಆಯ್ದು ತೆಗೆಯಿರಿ. ಮುಂದಿನ ಸಲ ಗೊಬ್ಬರವನ್ನು ಬಿಸಿಲಲ್ಲಿ ಹರಡಿ, ಜರಡಿ ಹಿಡಿದೇ ಹಾಕಿ.

ಎಲೆ ಹಳದಿಯಾಗಿದೆ

ಯಾವ ಎಲೆ ಅನ್ನುವುದೇ ಇಲ್ಲಿನ ಪ್ರಶ್ನೆ. ಕೆಳಗಿನ ಹಳೆಯ ಎಲೆ ಪೂರ್ತಿ ಒಂದೇ ಸಮ ಹಳದಿಯಾಗುತ್ತಿದ್ದರೆ ಸಾರಜನಕ ಕಡಿಮೆಯಾಗಿದೆ ಅಥವಾ ಎಲೆಗೆ ವಯಸ್ಸಾಗಿದೆ. ಒಂದೆರಡು ಎಲೆಗೆ ತಲೆ ಕೆಡಿಸಿಕೊಳ್ಳಬೇಡಿ. ಜಾಸ್ತಿ ಇದ್ದರೆ ಎರೆಹುಳು ಗೊಬ್ಬರದ ಜೊತೆ ಸ್ವಲ್ಪ ಬೇವಿನ ಹಿಂಡಿ ಹಾಕಿದರೆ ಸಾಕು. ಹಳೆಯ ಎಲೆಯಲ್ಲೇ ನರಗಳ ನಡುವೆ ಹಳದಿ ಬಂದು, ತೊಟ್ಟಿನ ಬಳಿ ಮಾತ್ರ ಹಸಿರು ಉಳಿದಿದ್ದರೆ ಮೆಗ್ನೀಷಿಯಂ ಕೊರತೆ, ಎಪ್ಸಮ್ ಸಾಲ್ಟ್ ಕೆಲಸ ಮಾಡುತ್ತದೆ.

ತುದಿಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ ಎದ್ದು ಕಂಡರೆ ಅದು ಕಬ್ಬಿಣದ ಕೊರತೆ. ಬಯಲುಸೀಮೆಯ ಇಕ್ಸೋರಾ ಗಿಡಗಳಲ್ಲಿ ಇದು ಕಾಣದ ಬೀದಿ ಇಲ್ಲ ಅನ್ನಬಹುದು. ಇದೇ ಇಕ್ಸೋರಾ, ನಮ್ಮ ಕೇಪಳ, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಯಾರೂ ನೀರು ಹಾಕದೆ ಕೆಂಪಗೆ ಹೂ ಬಿಟ್ಟು ನಿಂತಿರುತ್ತದೆ. ಅಲ್ಲಿನ ಮುರಕಲ್ಲಿನ ಮಣ್ಣು ಹುಳಿ ಗುಣದ್ದು, ಅದರಲ್ಲಿ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲೂ ಕಬ್ಬಿಣ ಬೇಕಾದಷ್ಟಿದೆ, ಮಣ್ಣು ಕೆಂಪಗಿರುವುದೇ ಅದರಿಂದ. ಆದರೆ ಗಡಸು ಬೋರ್‌ವೆಲ್ ನೀರು ವರ್ಷಗಟ್ಟಲೆ ಬಿದ್ದು, ಗೋಡೆಯ ಗಾರೆಯಿಂದ ಸುಣ್ಣ ಇಳಿದು ಮಣ್ಣು ಕ್ಷಾರವಾದರೆ ಆ ಕಬ್ಬಿಣ ಬೇರಿಗೆ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಬುಡದ ಮಣ್ಣನ್ನು ಒಂದು ಚಮಚ ಒಣಗಿಸಿ ಅದಕ್ಕೆ ವಿನೆಗರ್ ಹನಿಸಿ. ಬುಸ್ ಎಂದು ನೊರೆ ಬಂದರೆ ಸುಣ್ಣ ಇದೆ. ನೊರೆ ಬರದಿದ್ದರೆ ಮಣ್ಣು ಒಳ್ಳೆಯದು ಅಂತ ಖಾತರಿಯಿಲ್ಲ, ಬಂದರೆ ಮಾತ್ರ ಅನುಮಾನವೇ ಬೇಡ.

ತಕ್ಷಣದ ಉಪಾಯ ಅಂದರೆ ಫೆರಸ್ ಸಲ್ಫೇಟ್, ನಮ್ಮವರು ಅನ್ನಭೇದಿ ಅನ್ನುವುದು. ಲೀಟರ್ ನೀರಿಗೆ 5 ಗ್ರಾಂ ಮೀರದಂತೆ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಟೈಲ್ಸ್ ಮೇಲೆ, ಬಿಳಿ ಗೋಡೆಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ, ಹಳೇ ಬೆಡ್‌ಶೀಟ್ ಹಾಸಿಕೊಳ್ಳಿ. ಮಣ್ಣಿಗೆ ಹಾಕುವುದಾದರೆ ಚೀಲೇಟೆಡ್ ಕಬ್ಬಿಣ, ಅಂದರೆ ಮಣ್ಣಲ್ಲಿ ಕಟ್ಟಿಹೋಗದಂತೆ ಬೇರೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ ತರಬೇಕು, ತರುವಾಗ ಪೊಟ್ಟಣದ ಮೇಲಿನ ಅಕ್ಷರ ಓದಿ. ಇಡಿಟಿಎ ಅಂತಿದ್ದರೆ ಸುಣ್ಣದ ಮಣ್ಣಲ್ಲಿ ಅದು ಬೇಗ ಕೈಕೊಡುತ್ತದೆ. ಇಡಿಡಿಎಚ್ಎ ಅಂತಿರುವುದು ದುಬಾರಿ, ಆದರೆ ಕ್ಷಾರದ ಮಣ್ಣಿಗೆ ಆಗಿಬರುವುದು ಅದೇ. ಅಂಗಡಿಯವರು ಎರಡೂ ಒಂದೇ ಅನ್ನುತ್ತಾರೆ, ನಂಬಬೇಡಿ.

ಇವೆಲ್ಲ ತಾತ್ಕಾಲಿಕ. ನೀರು ಬದಲಾಗದಿದ್ದರೆ ಆರು ತಿಂಗಳಿಗೆ ಮತ್ತೆ ಹಳದಿ. ಮಳೆನೀರು ಹಿಡಿದು ಹಾಕಿ, ತರಗೆಲೆ ಗೊಬ್ಬರ ಪ್ರತಿ ವರ್ಷ ಕೊಡಿ, ಗೋಡೆಯಿಂದ ಎರಡು ಮೂರಡಿ ದೂರ ನೆಡಿ. ಅಷ್ಟೆಲ್ಲ ಆಗದು ಅಂದರೆ ಇಕ್ಸೋರಾ ಬಿಟ್ಟು ಕಣಗಿಲೆ ಅಥವಾ ಬೋಗನ್‌ವಿಲ್ಲಾ ಹಾಕಿ, ಅವು ಸುಣ್ಣಕ್ಕೆ ಅಷ್ಟು ಹೆದರುವುದಿಲ್ಲ. ಗೋಡೆ ಬದಿಯ ಇಕ್ಸೋರಾ ಸಾಲಿಗೆ ವರ್ಷ ವರ್ಷ ಔಷಧಿ ಕೊಡುತ್ತಾ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಎಲೆಯ ತುದಿ ಸುಟ್ಟಂತಿದೆ

ಇದೂ ಹೆಚ್ಚಾಗಿ ನೀರಿನದೇ ಕಥೆ, ಅದರಲ್ಲೂ ಕುಂಡಗಳಲ್ಲಿ. ಮಣ್ಣಿನ ಮೇಲೆ, ಕುಂಡದ ಹೊರಗೆ ಬಿಳಿ ಪದರ ಕಟ್ಟಿದೆಯೇ ನೋಡಿ. ಅಡುಗೆಮನೆಯ ಆರ್‌ಓ ಹೊರಗೆ ಬಿಡುವ ನೀರನ್ನು ವ್ಯರ್ಥ ಮಾಡಬಾರದು ಅಂತ ಗಿಡಕ್ಕೆ ಹಾಕುವವರು ಬಹಳ. ಆಶಯ ಒಳ್ಳೆಯದೇ. ಆದರೆ ಮೂಲ ನೀರಿನ ಲವಣವೆಲ್ಲ ಅದರಲ್ಲಿ ಸಾಂದ್ರವಾಗಿರುತ್ತದೆ. ನೆಲ ಒರೆಸಲು ಬಳಸಿ. ಅಪಾರ್ಟ್‌ಮೆಂಟುಗಳ ವಾಟರ್ ಸಾಫ್ಟ್‌ನರ್ ನೀರು ಇನ್ನೂ ಮೋಸದ್ದು. ಸ್ನಾನಕ್ಕೆ ಹಿತ, ಆದರೆ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಗಿಡಕ್ಕೆ ಅದು ಗಡಸು ನೀರಿಗಿಂತ ಕೆಟ್ಟದ್ದು. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಎಂದು ಪ್ಲಂಬರ್ ಹತ್ತಿರ ಕೇಳಿ ತಿಳಿದುಕೊಳ್ಳಿ.

ಲವಣ ಕಟ್ಟಿದ ಕುಂಡಕ್ಕೆ ಒಳ್ಳೆಯ ನೀರನ್ನು ಕೆಳಗಿನ ತೂತಿನಿಂದ ಹರಿಯುವಷ್ಟು ಸುರಿಯಿರಿ, ಬಸಿದ ಮೇಲೆ ಇನ್ನೊಮ್ಮೆ. ಒಂದು ಒಳ್ಳೆಯ ಮುಂಗಾರು ಮಳೆ ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ.

ಗಿಡ ಸೊಂಪಾಗಿದೆ, ಹೂ ಮಾತ್ರ ಇಲ್ಲ

ಬೋಗನ್‌ವಿಲ್ಲಾ ವಿಷಯದಲ್ಲಿ ಈ ದೂರು ನಿಲ್ಲುವುದೇ ಇಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುತ್ತದೆಯೇ? ಇಲ್ಲದಿದ್ದರೆ ಬೇರೆ ಪರೀಕ್ಷೆಯೇ ಬೇಡ, ಜಾಗ ಬದಲಿಸಿ. ಬಿಸಿಲಿದ್ದೂ ಹೂ ಇಲ್ಲದಿದ್ದರೆ ನೀವು ಅದನ್ನು ಮುದ್ದು ಮಾಡುತ್ತಿದ್ದೀರಿ. ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ ಸಿಕ್ಕಿದರೆ ಅದು ಎಲೆ ಬಿಡುತ್ತಲೇ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಉದ್ದ ಕೊಂಬೆಗಳನ್ನು ಸವರಿ. ಹೊಸ ಚಿಗುರು ಬಂದ ಮೇಲೆ ನೀರು ಕಡಿಮೆ ಮಾಡಿ, ಎಲೆ ತುಸು ಜೋತು ಬಿದ್ದಾಗ ಮಾತ್ರ ಕೊಡಿ. ಜನವರಿಯಿಂದ ಬೇಸಿಗೆ ತನಕ ಬಣ್ಣ ತುಂಬುವುದು ಈ ಒಣ ಕಾಲದ ಬಿಗಿಯಿಂದಲೇ. ಬೋಗನ್‌ವಿಲ್ಲಾದ ಬಣ್ಣವೆಲ್ಲ ಹೂವಿನ ಸುತ್ತಲಿನ ಎಲೆಯದು, ನಿಜವಾದ ಹೂ ನಡುವಿನ ಪುಟ್ಟ ಬಿಳಿ ಕೊಳವೆ. ಹಾಗಾಗಿಯೇ ಆ ಬಣ್ಣ ವಾರಗಟ್ಟಲೆ ಬಾಡದೆ ನಿಲ್ಲುತ್ತದೆ.

ದಾಸವಾಳದ ದೂರು ಬೇರೆ. ಮೊಗ್ಗು ಬರುತ್ತದೆ, ಅರಳುವ ಮುಂಚೆ ಉದುರುತ್ತದೆ. ಬಿದ್ದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸಣ್ಣ ಹುಳು ಅಥವಾ ಓಡಾಡುವ ನುಸಿ ಕಂಡರೆ ಕಾರಣ ಸಿಕ್ಕಿತು. ಬಿದ್ದ ಮೊಗ್ಗುಗಳನ್ನು ದಿನಾ ಆಯ್ದು ಕವರಿನಲ್ಲಿ ಕಟ್ಟಿ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಒಳಗೆ ಏನೂ ಇಲ್ಲದಿದ್ದರೆ ನೀರಿನ ಏರುಪೇರು. ನಾಲ್ಕು ದಿನ ಊರಿಗೆ ಹೋಗಿ ಬಂದು ಒಮ್ಮೆಲೇ ಸುರಿದರೆ ದಾಸವಾಳ ಮೊಗ್ಗು ಕಳಚುತ್ತದೆ.

ಬಿಳಿ ಹತ್ತಿಯ ಹಾಗೆ ಏನೋ ಅಂಟಿದೆ

ಹಿಟ್ಟು ತಿಗಣೆ. ಜೊತೆಗೆ ಎಲೆಯ ಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು, ಕಾಂಡದ ಮೇಲೆ ಇರುವೆ ಸಾಲು. ಮೂರೂ ಒಂದೇ ಸಂಸಾರದವು. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಆ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ, ಇರುವೆ ಅಂಟಿಗಾಗಿ ತಿಗಣೆಯನ್ನು ಕಾಯುತ್ತದೆ. ಇರುವೆಯ ದಾರಿ ತಪ್ಪಿಸದೆ ತಿಗಣೆ ಹೋಗುವುದಿಲ್ಲ.

ತುಂಬಾ ಮೆತ್ತಿದ ತುದಿಗಳನ್ನು ಕತ್ತರಿಸಿ. ಪೈಪಿನ ನೀರನ್ನು ರಭಸವಾಗಿ ಹಾಯಿಸಿ. ಆಮೇಲೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಕರಗಲು ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಸಂಜೆ ಹೊಡೆಯಿರಿ, ವಾರ ಬಿಟ್ಟು ಮತ್ತೊಮ್ಮೆ.

ಗಾಢ ಕೀಟನಾಶಕಕ್ಕೆ ಕೈ ಹಾಕುವ ಮುನ್ನ ಒಂದು ಸಂಗತಿ ಕೇಳಿ. ನಮ್ಮ ದೇಶದಲ್ಲಿ 2008ರಲ್ಲಿ ಕೊಯಮತ್ತೂರು ಕಡೆ ಮೊದಲು ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಪಪ್ಪಾಯ, ಹಿಪ್ಪುನೇರಳೆ ಜೊತೆ ದಾಸವಾಳವನ್ನೂ ಹಿಡಿಯಿತು. ಔಷಧಿಗೆ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟಗಳ ಬ್ಯೂರೋದವರು ಪೋರ್ಟೊ ರಿಕೊದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಅದರ ಹಾವಳಿ ಇಳಿಯಿತು. ಅಂಥ ಕಣಜಗಳು, ಗುಲಗಂಜಿ ಹುಳಗಳು ನಿಮ್ಮ ತೋಟದಲ್ಲೂ ಕೆಲಸ ಮಾಡುತ್ತಿರುತ್ತವೆ. ಕೀಟನಾಶಕ ಮೊದಲು ಕೊಲ್ಲುವುದು ಅವನ್ನೇ.

ಕಣಗಿಲೆಯ ಚಿಗುರಿನಲ್ಲಿ ಹಳದಿ ಹೇನು ಕಂಡರೆ ನೀರು ಹಾಯಿಸಿದರೆ ಸಾಕು. ಕಣಗಿಲೆಯ ಪ್ರತಿ ಭಾಗವೂ ವಿಷ, ಸವರಿದ ಸೊಪ್ಪನ್ನು ದನ ಬರುವ ಕಡೆ ಎಸೆಯಬೇಡಿ, ಒಲೆಗೂ ಹಾಕಬೇಡಿ. ನಂದಿಬಟ್ಟಲಿನ ಎಲೆ ರಾತ್ರೋರಾತ್ರಿ ಮಾಯವಾಗಿ ಕೆಳಗೆ ದಪ್ಪ ಹಿಕ್ಕೆ ಬಿದ್ದಿದ್ದರೆ, ಕತ್ತಿನ ಹತ್ತಿರ ಎರಡು ನೀಲಿ ಕಣ್ಣಿನ ಗುರುತಿರುವ ಹಸಿರು ಹುಳು ಹುಡುಕಿ. ಕಣಗಿಲೆಯನ್ನೂ ಅದು ತಿನ್ನುತ್ತದೆ. ಸುಂದರವಾದ ಹಸಿರು ಪತಂಗವಾಗುವ ಹುಳು ಅದು. ಗಿಡ ದೊಡ್ಡದಿದ್ದರೆ ತಿನ್ನಲಿ ಬಿಡಿ, ಮತ್ತೆ ಚಿಗುರುತ್ತದೆ.

ಸತ್ತಿದೆಯೋ, ಮಲಗಿದೆಯೋ

ದೇವಕಣಗಿಲೆ ಚಳಿಗಾಲದಲ್ಲಿ ಬೋಳಾಗುವುದು ಅದರ ಸ್ವಭಾವ. ಆಗ ನೀರು ಜಾಸ್ತಿ ಮಾಡಿದರೆ ಕಾಂಡ ಮೆತ್ತಗಾಗಿ ಕೊಳೆಯುತ್ತದೆ. ಮಳೆಗಾಲದ ಕೊನೆಗೆ ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಹೇಗೂ ಎಲೆ ಉದುರುತ್ತದೆ, ಗುಡಿಸಿ ಹೊರಗೆ ಹಾಕಿದರೆ ಸಾಕು, ಸಿಂಪಡಣೆಗೆ ದುಡ್ಡು ಬೇಡ.

ಮೇ ಫ್ಲವರ್, ಆ ಕೆಂಪು ಚೆಂಡಿನ ಹೂ, ಹೂವು ಎಲೆ ಮುಗಿಸಿ ಚಳಿಗಾಲಕ್ಕೆ ನೆಲದೊಳಗೆ ಹೋಗಿಬಿಡುತ್ತದೆ. ಗೌರಿ ಹೂವಿನ ಬಳ್ಳಿಯದೂ ಅದೇ ಕ್ರಮ. ಖಾಲಿ ಕುಂಡ ಅಂದುಕೊಂಡು ಮಣ್ಣು ಸುರಿಯುವವರಿದ್ದಾರೆ. ಕುಂಡದ ಮೇಲೆ ಹೆಸರು ಬರೆದು ಮಳೆ ಬೀಳದ ಕಡೆ ಇಟ್ಟುಬಿಡಿ.

ಮರದ ಕಾಂಡವಿರುವ ಗಿಡವಾದರೆ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ, ಹಸಿರು ಸಿಗುವ ತನಕ ಕೆಳಕ್ಕೆ ಸವರುತ್ತಾ ಬನ್ನಿ. ಸ್ನೇಕ್ ಪ್ಲಾಂಟಿನ ಬುಡ ಲೊಳಲೊಳ ಆಗಿದ್ದರೆ ಬುಡದ ಆಸೆ ಬಿಡಿ, ಗಟ್ಟಿ ಎಲೆಯನ್ನು ತುಂಡು ಮಾಡಿ ಎರಡು ದಿನ ಒಣಗಿಸಿ ಮರಳಿಗೆ ಚುಚ್ಚಿ. ಹಳದಿ ಅಂಚಿನ ತಳಿಯಾದರೆ ಎಲೆಯಿಂದ ಬರುವ ಮರಿಗೆ ಆ ಅಂಚು ಇರುವುದಿಲ್ಲ.

ತರುವಾಗಲೇ ಇದ್ದ ದೋಷ

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಸಿದ್ದಾಪುರದ ನರ್ಸರಿ ಸಾಲಿಗೂ ಹೋಗಿ ಕೈತುಂಬ ಗಿಡ ತರುತ್ತಾರೆ. ಆಗಸ್ಟಿನಲ್ಲಿ ತಂದವು ಮಳೆಗೆ ಬೇರು ಹಿಡಿಯುತ್ತವೆ. ಜನವರಿಯಲ್ಲಿ ತಂದವಕ್ಕೆ ಮುಂದೆ ಬರೀ ಒಣಗಾಲ. ಹೂ ತುಂಬಿದ ಗಿಡಕ್ಕಿಂತ ಹೂವಿಲ್ಲದ, ಬುಡದಿಂದ ನಾಲ್ಕು ಕವಲೊಡೆದ ಗಿಡ ವಾಸಿ. ಕವರಿನ ತಳ ನೋಡಿ. ಬೇರು ಹೊರಗೆ ಬಂದು ಸುತ್ತಿಕೊಂಡಿದ್ದರೆ ಬೇಡ. ಕೊಂಡಾಗಿದ್ದರೆ ನೆಡುವಾಗ ಆ ಸುತ್ತನ್ನು ಬ್ಲೇಡಿನಿಂದ ಮೂರು ಕಡೆ ಉದ್ದಕ್ಕೆ ಗೀರಿ. ಇಲ್ಲದಿದ್ದರೆ ಎರಡು ವರ್ಷವಾದರೂ ಬೇರು ಆ ಮುದ್ದೆ ಬಿಟ್ಟು ಹೊರಗೆ ಬರುವುದಿಲ್ಲ. ಹಸಿರು ಬಲೆಯ ನೆರಳಲ್ಲಿ ಬೆಳೆದದ್ದನ್ನು ಒಂದೇ ದಿನಕ್ಕೆ ತಾರಸಿಯ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ, ಅದನ್ನು ರೋಗ ಅಂದುಕೊಳ್ಳಬೇಡಿ.

ಕರಾವಳಿಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಮೊದಲೇ ಗಿಡ ಬೇರು ಹಿಡಿದಿರಬೇಕು, ಆಗದಿದ್ದರೆ ಸೆಪ್ಟೆಂಬರ್ ತನಕ ಕಾಯಿರಿ. ಎಲ್ಲಿ ನೆಟ್ಟರೂ ಮೊದಲ ಬೇಸಿಗೆ ದಾಟಿಸುವ ತನಕ ಯಾವ ಗಿಡವೂ 'ಆರೈಕೆ ಬೇಡದ' ಗಿಡವಲ್ಲ. ವಾರಕ್ಕೆರಡು ಸಲ ಆಳಕ್ಕೆ ಇಳಿಯುವಂತೆ ನೀರು, ಬುಡದಿಂದ ಒಂದು ಗೇಣು ಬಿಟ್ಟು ತರಗೆಲೆಯ ಹೊದಿಕೆ, ಇಷ್ಟಾದರೂ ಬೇಕು.

ಏನೂ ಕೇಳದ ಗಿಡವೇ ಬೇಕೆಂದು ಬೇಲಿಗೆ ಲಂಟಾನ ಹಾಕುವವರಿದ್ದಾರೆ. ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅದು ಹುಲ್ಲನ್ನೂ ಮರಿಸಸಿಗಳನ್ನೂ ಮುಚ್ಚಿಹಾಕಿರುವುದನ್ನು ನೋಡಿದ ಮೇಲೆ ಅದನ್ನು ಹಾಕಲು ಮನಸ್ಸು ಬಾರದು. ಕಾಯಿ ತಿಂದ ಹಕ್ಕಿ ಬೀಜವನ್ನು ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು.

ಗಿಡ ಹೋಯಿತು, ಮುಂದೇನು

ಬುಡದ ತನಕ ಕೆರೆದರೂ ಹಸಿರು ಸಿಗದಿದ್ದರೆ ಕಿತ್ತುಬಿಡಿ. ಆದರೆ ಅದೇ ಗುಂಡಿಗೆ ಅದೇ ಜಾತಿಯ ಗಿಡ ತಂದು ಇಡಬೇಡಿ. ನಿತ್ಯಪುಷ್ಪ ಮಳೆಯಲ್ಲಿ ಬುಡ ಕಪ್ಪಾಗಿ ಕೊಳೆತಿದ್ದರೆ ರೋಗದ ಬೂಷ್ಟು ಆ ಮಣ್ಣಲ್ಲೇ ಉಳಿದಿರುತ್ತದೆ. ಗುಂಡಿಯ ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಬೇಗ ಇಂಗಿದರೆ, ಬಿಸಿಲೂ ಇದ್ದರೆ ಕಣಗಿಲೆ ಅಥವಾ ಬೋಗನ್‌ವಿಲ್ಲಾ. ಅರೆ ನೆರಳಿದ್ದರೆ ನಂದಿಬಟ್ಟಲು. ಸುಣ್ಣದ ನೊರೆ ಬರದ, ತರಗೆಲೆ ಬೀಳುವ ಮೂಲೆಯಾದರೆ ಇಕ್ಸೋರಾಗೆ ಇನ್ನೊಂದು ಅವಕಾಶ ಕೊಡಬಹುದು. ನೀರು ನಿಲ್ಲುವ ಜಾಗವೇ ಆಗಿದ್ದರೆ ಅದರ ಜೊತೆ ಜಗಳ ಬೇಡ, ಕಾಬಾಳೆ ಗಡ್ಡೆ ಹಾಕಿ. ಹೂ ಮುಗಿದ ದಂಟನ್ನು ಬುಡಕ್ಕೆ ಕತ್ತರಿಸುತ್ತಿದ್ದರೆ ಪಕ್ಕದಲ್ಲಿ ಹೊಸದು ಬರುತ್ತಲೇ ಇರುತ್ತದೆ.